ಹೂಜಿಗಿಡದ ಜಾತಕ

ಕಾರಡ್ಕದಲ್ಲಿ ಹೂಜಿಗಿಡದ ಹೂವನ್ನು ಗಮನಿಸುವವರೆಂದರೆ ನಾನು ಮತ್ತು ಇರುವೆಗಳು. ಮನೆಗೆ ಬಂದವರೆಲ್ಲ ಎಲೆಯ ತುದಿಯಲ್ಲಿ ನೇತಾಡುವ ಕೆಂಪು ಹೂಜಿಯೇ ಹೂವೆಂದುಕೊಂಡು, ಅದರ ಪಕ್ಕ ಮುಖವಿಟ್ಟು ಸೆಲ್ಫಿ ತೆಗೆದು, ಒಳಗೆ ನೊಣ ಬಿದ್ದಿದೆಯೇ ಎಂದು ಇಣುಕಿ, ಚಹಾ ಕುಡಿದು ಹೋಗುತ್ತಾರೆ. ನಿಜವಾದ ಹೂಗೊನೆ ಅವರ ಕಿವಿಗೆ ತಾಗುವಂತೆ ನಿಂತಿರುತ್ತದೆ. ಹಸಿರೂ ಅಲ್ಲದ ಕಂದೂ ಅಲ್ಲದ ಆ ಪುಟ್ಟ ಹೂಗಳನ್ನು ಕಂಡು ಯಾರೂ ಮರುಳಾಗುವುದಿಲ್ಲ, ನಿಜ. ಹೊಟ್ಟೆಪಾಡಿನ ಹೂಜಿಗೆ ಅಷ್ಟು ಬಣ್ಣ, ಮದುವೆಯ ಹೂವಿಗೆ ಈ ಬಡತನ!

ಸುರಂಗದ ನೀರು ಬೀಳುವಲ್ಲಿ ಹಳೆಯ ಟರ್ಪಾಲು ಹಾಸಿ, ತೆಂಗಿನ ನಾರುಹುಡಿಯೂ ಹೊಯಿಗೆಯೂ ತುಂಬಿ ಮಾಡಿದ ಕೆಸರುತೋಟ ನನ್ನದು. ಅಮೆರಿಕದ ಹೂಜಿಗಿಡಗಳಿಗೆ ವರ್ಷದಲ್ಲಿ ಕೆಲವು ತಿಂಗಳು ಚಳಿಯ ನಿದ್ದೆ ಬೇಕು. ಕಾರಡ್ಕದಲ್ಲಿ ಅದನ್ನು ಎಲ್ಲಿಂದ ತರೋಣ? ಹಾಗಾಗಿ ಬಿಸಿಲಸೆಕೆಗೆ ಹೆದರದ ನೆಪೆಂತಿಸ್ ತಳಿಯೊಂದನ್ನು ಅಂಚಿನ ದಿಬ್ಬದ ಮೇಲೆ ನೆಟ್ಟಿದ್ದೇನೆ. ಸಾರವಿಲ್ಲದ ಮಣ್ಣಿನಲ್ಲಿ ಬದುಕಿ, ಬೇಕಾದ ಸಾರಜನಕವನ್ನು ಹುಳಗಳಿಂದ ಸಂಪಾದಿಸುವ ಜಾತಿ ಇದು. ಗೊಬ್ಬರ ಹಾಕಿದರೆ ಬೇರು ಸುಟ್ಟುಹೋಗುತ್ತದೆ ಎಂದರೆ ದೊಡ್ಡಮ್ಮ ನಂಬುವುದಿಲ್ಲ. “ಹಟ್ಟಿಗೊಬ್ಬರ ಆಗದ ಗಿಡ ಉಂಟಾ ಮಾರಾಯ?” ಎನ್ನುತ್ತಾರೆ. ಅವರ ಬುಟ್ಟಿಯ ಮೇಲೆ ನನಗೆ ಸದಾ ಒಂದು ಕಣ್ಣು. ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವ ದಿನ ಮೈಲುತುತ್ತು, ಸುಣ್ಣದ ಹನಿ ಬೀಳದ ಹಾಗೆ ಗಿಡಕ್ಕೆ ಪ್ಲಾಸ್ಟಿಕ್ ಹೊದೆಸುತ್ತೇನೆ. ಆಗ ಅಡಿಕೆ ಮರದ ತುದಿಯಿಂದ ನಗು ಕೇಳುತ್ತದೆ.

ಹೂವಿನ ಫೋಟೋ ತೆಗೆಯುವುದು ಇನ್ನೊಂದು ತಪಸ್ಸು. ಗೊನೆ ಬುಡದಿಂದ ಅರಳುತ್ತ ಹೋಗುವುದರಿಂದ ಕೆಳಗಿನವು ಬಾಡಿದರೂ ಮೇಲಿನವು ಮೊಗ್ಗೇ. ಗಾಳಿ ನಿಂತಿತು ಎನ್ನುವಾಗ ಇರುವೆಯೊಂದು ಹತ್ತಿ ಕುಣಿಸುತ್ತದೆ. ಕೊನೆಗೂ ಒಂದು ಚಿತ್ರ ಸರಿಬಂದು, ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ. ನಾಲ್ಕು ದಳಗಳ ನಡುವೆ ಸಣ್ಣ ಕಂಬ, ಅದರ ನೆತ್ತಿಯಲ್ಲಿ ಹಳದಿ ಪರಾಗದ ಉಂಡೆ. ಅಲ್ಲಿಗೆ ಜಾತಕ ಬಯಲಾಯಿತು: ಗಂಡು. ಈ ಕುಲದಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಹೂಬಿಡುವ ತನಕ ಗುರುತು ಸಿಗದು. ನರ್ಸರಿಯವರು ಕಡ್ಡಿ ನೆಟ್ಟು ಬೆಳೆಸುವುದರಿಂದ ತಾಯಿಗಿಡ ಗಂಡಾದರೆ ಸಂತಾನವೆಲ್ಲ ಗಂಡೇ. (ತಾಯಿ ಹೇಗೆ ಗಂಡಾಯಿತು ಎಂದು ದೊಡ್ಡಮ್ಮ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.)

ಅಡಿಕೆ ತೋಟದ ಹುಡುಗರಿಗೆ ಹೆಣ್ಣು ಸಿಗುವುದಿಲ್ಲವೆಂಬುದು ನಮ್ಮ ಕಡೆಯ ಹಳೆಯ ಸಂಕಟ. ಉತ್ತರ ಭಾರತಕ್ಕೆ ಹೋಗಿ ಹೆಣ್ಣು ತಂದವರೂ ಇದ್ದಾರೆ. ನಾನು ಹೋಗಲಿಲ್ಲ, ಈಗ ತಲೆಯ ಹಿಂಭಾಗದಲ್ಲಿ ಬಿಸಿಲು ನೇರವಾಗಿ ತಾಗುತ್ತದೆ. ನನ್ನ ಗಿಡಕ್ಕೂ ಈಶಾನ್ಯದಲ್ಲಿ ನೆಂಟರಿದ್ದಾರೆ. ಭಾರತದ್ದೇ ಆದ ಏಕೈಕ ಹೂಜಿಗಿಡ ಇರುವುದು ಮೇಘಾಲಯದ ಗಾರೋ, ಖಾಸಿ, ಜೈಂತಿಯಾ ಬೆಟ್ಟಗಳಲ್ಲಿ; ಬಾಗ್ಮಾರದಲ್ಲಿ ಅದಕ್ಕೊಂದು ರಕ್ಷಿತಾರಣ್ಯವೇ ಇದೆ. ಆದರೆ ಆ ಮನೆಯ ಹೆಣ್ಣನ್ನು ಕಿತ್ತು ತರುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಮಾವನಾಗಿ ಕೂತಿದೆ.

ಮಳೆಗಾಲದಲ್ಲಿ ಗುಡ್ಡದ ಪಾದೆಯ ಮೇಲೆ ಹೋದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಮುರಕಲ್ಲಿನ ಮೇಲೆ ನೀರು ನಿಂತಲ್ಲೆಲ್ಲ ಯುಟ್ರಿಕ್ಯುಲೇರಿಯಾದ ನೀಲಿ ಹೂ. ಮಲಯಾಳಿ ಮಕ್ಕಳು ಕಾಕ್ಕಪ್ಪೂ ಎಂದು ಓಣಂ ಪೂಕಳಕ್ಕೆ ಕೊಯ್ಯುವುದು ಇದನ್ನೇ. ಈ ಸಾಧುವೂ ಮಾಂಸಾಹಾರಿ. ಕೆಸರಿನಡಿಯ ಪುಟ್ಟ ಚೀಲಗಳು ಕಣ್ಣಿಗೆ ಕಾಣದ ಹುಳವನ್ನು ಸೆಕೆಂಡಿನ ನೂರರಲ್ಲೊಂದು ಪಾಲೂ ಆಗುವ ಮುಂಚೆ ಒಳಗೆಳೆದುಕೊಳ್ಳುತ್ತವೆ. ಗಂಡೂ ಹೆಣ್ಣೂ ಒಂದೇ ಹೂವಿನಲ್ಲಿ; ದಲ್ಲಾಳಿ ಬೇಡ, ಜಾತಕ ಬೇಡ.

ಮೊನ್ನೆ ಪುತ್ತೂರಿನ ಕಡೆಯ ಪರಿಚಿತರೊಬ್ಬರ ಫೋನ್ ಬಂತು. ಅವರಲ್ಲಿ ಹೆಣ್ಣುಗಿಡವೊಂದು ಹೂಗೊನೆ ಬಿಟ್ಟಿದೆಯಂತೆ. ಕಾಗದದ ಪೊಟ್ಟಣದಲ್ಲಿ ಪರಾಗ ತಂದರೆ ಸಾಕಂತೆ. ಸುದ್ದಿ ಕೇಳಿದ್ದೇ ದೊಡ್ಡಮ್ಮ ಗೊಬ್ಬರದ ಬುಟ್ಟಿ ಕೆಳಗಿಟ್ಟರು.

“ಆ ಮನೆಯಲ್ಲಿ ಯಾರೆಲ್ಲ ಇದ್ದಾರೆ?”

“ನಾನು ಹೋಗುವುದು ಗಿಡದ ಕೆಲಸಕ್ಕೆ, ದೊಡ್ಡಮ್ಮಾ.”

“ಗಿಡದ ಕೆಲಸಕ್ಕೇ ಹೋಗು. ಆ ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿಕೊಂಡು ಹೋಗು.”