ಬಳಿಯಲ್ಲಿ ಕುಳಿತವರು

ಹುಟ್ಟುವ ಜೀವವನ್ನು ಎದುರುಗೊಳ್ಳಲು ಹಿಂದೆ ಊರೂರಿನಲ್ಲಿಯೂ ಸೂಲಗಿತ್ತಿಯಿದ್ದಳು. ನಡುರಾತ್ರಿಯಲ್ಲಿ ಕರೆ ಬಂದರೂ ಆಕೆ ಲಾಂದ್ರವನ್ನು ಹಿಡಿದು ಹೊರಡುತ್ತಿದ್ದಳು. ಹೊರಟುಹೋಗುವ ಜೀವವನ್ನು ಬೀಳ್ಕೊಡಲು ಅಂಥವರು ಯಾರೆಂದು ಕೇಳಿದರೆ ಉತ್ತರವು ಸುಲಭವಲ್ಲ. ಬಾಯಿಗೆ ಗಂಗೋದಕವನ್ನು ಬಿಡುವ ಮಗನುಂಟು. ಯಾಸೀನ್ ಅಧ್ಯಾಯವನ್ನು ಓದುವ ಬಂಧುವುಂಟು. ಹಣೆಗೆ ತೈಲವನ್ನು ಲೇಪಿಸುವ ಪಾದ್ರಿಯುಂಟು. ಆದರೆ ಇವು ಬಹುಮಟ್ಟಿಗೆ ಕಡೆಯ ಗಳಿಗೆಯ ವಿಧಿಗಳು. ರೋಗವು ಅಸಾಧ್ಯವೆಂದು ತಿಳಿದ ದಿನದಿಂದ ಆ ಗಳಿಗೆಯವರೆಗೆ ತಿಂಗಳುಗಟ್ಟಲೆ ಮಲಗಿರುವವನಿಗೆ ಅನೇಕ ವೇಳೆ ಎದುರಿನ ಗೋಡೆಯೊಂದೇ ಸಂಗಾತಿ.

ಈ ಚಿಂತೆಯು ಕನ್ನಡಕ್ಕೆ ಹೊಸತಲ್ಲ. ದೊರೆತಿರುವ ಕನ್ನಡ ಗದ್ಯಕಥಾಗ್ರಂಥಗಳಲ್ಲಿ ಅತಿ ಪ್ರಾಚೀನವೆಂದು ಎಣಿಸಲ್ಪಡುವ ವಡ್ಡಾರಾಧನೆಯ ಮೂಲವೇ ಇಲ್ಲಿದೆ. ಶಿವಾರ್ಯನ ಪ್ರಾಕೃತ ಗ್ರಂಥವಾದ ಭಗವತೀ ಆರಾಧನೆಯಲ್ಲಿ ‘ಕವಚ’ವೆಂಬ ಭಾಗವುಂಟು. ಸಲ್ಲೇಖನವನ್ನು ಕೈಕೊಂಡ ಯತಿಯು ವೇದನೆಯಿಂದ ಕಂಗೆಟ್ಟಾಗ, ಯೋಧನಿಗೆ ಕವಚವನ್ನು ತೊಡಿಸುವಂತೆ, ಘೋರವಾದ ಕಷ್ಟಗಳನ್ನು ಸಹಿಸಿದ ಹಿಂದಿನವರ ವೃತ್ತಾಂತಗಳನ್ನು ಅವನಿಗೆ ಹೇಳಬೇಕೆಂಬುದು ಅದರ ಅಭಿಪ್ರಾಯ. ಅಲ್ಲಿಯ 19 ಗಾಹೆಗಳೇ ಕನ್ನಡದಲ್ಲಿ 19 ಕಥೆಗಳಾಗಿ ಬೆಳೆದುವು. ಅದೇ ಗ್ರಂಥವು ಅಂಥ ಯತಿಯ ಶುಶ್ರೂಷೆಗೆ 48 ಮಂದಿ ನಿರ್ಯಾಪಕರನ್ನು ಹೇಳುತ್ತದೆ. ಅವರಲ್ಲಿ ಧರ್ಮಕಥೆಯನ್ನು ಹೇಳುವವರುಂಟು. ಮಗ್ಗುಲು ಹೊರಳಿಸುವವರು, ಬಾಗಿಲು ಕಾಯುವವರು, ಮಲಮೂತ್ರಗಳನ್ನು ತೆಗೆಯುವವರೂ ಉಂಟು. ಕಥೆ ಹೇಳುವವನಿಗೂ ಹೊಲಸು ತೆಗೆಯುವವನಿಗೂ ಅಲ್ಲಿ ಹೆಸರು ಒಂದೇ.

ಆದರೆ ಅಲ್ಲಿ ಹೇಳುವವನಿಗೂ ಕೇಳುವವನಿಗೂ ಮಾರ್ಗವು ಒಂದೇ ಆಗಿತ್ತು. ಮೇಲಾಗಿ ಯತಿಯು ಮರಣವನ್ನು ತಾನಾಗಿ ಒಪ್ಪಿಕೊಂಡಿದ್ದನು. ಸಾಯಲೊಲ್ಲದವನ ಹಾಸಿಗೆಯ ಬಳಿಗೆ, ಅವನ ನಂಬಿಕೆಯೇನೆಂದರಿಯದ ಪರಕೀಯನೊಬ್ಬನು ಬಂದರೆ ಯಾವ ಕವಚವನ್ನು ತಂದಾನು?

ಸಿಸಿಲಿ ಸಾಂಡರ್ಸ್ ಎಂಬವರಿಗೆ 1948ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಇಂಥ ಸಂದರ್ಭವೇ ಒದಗಿತು. ಅವರು ದೃಢನಂಬಿಕೆಯ ಕ್ರೈಸ್ತರು; ರೋಗಿಯಾದ ಡೇವಿಡ್ ಟಾಸ್ಮಾ ಪೋಲೆಂಡಿನಿಂದ ಬಂದ ಯೆಹೂದ್ಯ. ಆತನು ಕೇಳಿದಾಗ ಸಾಂಡರ್ಸರು ತಮಗೆ ಬಾಯಿಪಾಠವಾಗಿದ್ದ, ಎರಡು ಮತಗಳಿಗೂ ಸಮಾನವಾದ ಕೀರ್ತನೆಗಳನ್ನು ಹೇಳಿದರು. ಅವರು ಎಂದಾದರೊಂದು ದಿನ ಕಟ್ಟಬಹುದಾದ ಮನೆಯಲ್ಲಿ ತಾನೊಂದು ಕಿಟಕಿಯಾಗಬೇಕೆಂದು ಆತನು 500 ಪೌಂಡುಗಳನ್ನು ಬಿಟ್ಟುಹೋದನು. ಆ ಮನೆಯೇ 1967ರಲ್ಲಿ ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್. ಸಾಯುವವನ ನೋವು ದೇಹದ್ದು ಮಾತ್ರವಲ್ಲ, ಮನಸ್ಸು, ಸಂಸಾರ, ಆತ್ಮಗಳ ನೋವೂ ಅದರಲ್ಲಿ ಬೆರೆತಿದೆಯೆಂದು ಆ ವೇಳೆಗೆ ವೈದ್ಯರಾಗಿದ್ದ ಅವರು ಪ್ರತಿಪಾದಿಸಿದರು.

ಈ ವಿಚಾರವು ಭಾರತದಲ್ಲಿಯೂ ಬೇರೂರಿದೆ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಉಪಶಮನ ಶುಶ್ರೂಷೆಯ ಸಂಘವೊಂದು ಹುಟ್ಟಿತು. ಅದರಿಂದ ಬೆಳೆದ ನೆರೆಹೊರೆಯ ಸಂಘಗಳಲ್ಲಿ, ವಾರಕ್ಕೆ ಎರಡು ಗಂಟೆಯನ್ನಾದರೂ ಕೊಡಬಲ್ಲ ಸಾಮಾನ್ಯ ಜನರು ತರಬೇತಿಯನ್ನು ಪಡೆದು ರೋಗಿಗಳ ಮನೆಗೆ ಹೋಗತೊಡಗಿದರು. ಬೆಂಗಳೂರಿನ ಕರುಣಾಶ್ರಯವು 1999ರಿಂದ, ಗುಣವಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ಇರಿಸಿಕೊಂಡು ನೋಡಿಕೊಳ್ಳುತ್ತಿದೆ.

ಇಂಥ ಸೇವೆಗೆ ಹೊರಟವನು ಮೊದಲು ಕಲಿಯಬೇಕಾದುದು ನಾಲಗೆಯನ್ನು ಹಿಡಿಯುವುದನ್ನು. “ನನಗೇ ಏಕೆ ಹೀಗಾಯಿತು?” ಎಂದು ರೋಗಿಯು ಕೇಳುತ್ತಾನೆ. “ಪ್ರಾರಬ್ಧ, ಅನುಭವಿಸಿಯೇ ತೀರಬೇಕು” ಎಂದು ಬಂದವರು ಹೇಳಿಬಿಡುತ್ತಾರೆ. ಆ ಮಾತು ಶಾಸ್ತ್ರಸಮ್ಮತವಾಗಿರಬಹುದು. ಆದರೆ ಅದನ್ನು ಕೇಳಿದವನು ರೋಗದ ಜೊತೆಗೆ ಅಪರಾಧವನ್ನೂ ಹೊತ್ತು ಮಲಗಬೇಕಾಗುತ್ತದೆ. ಅವನು ಕೇಳಿದುದು ಪ್ರಶ್ನೆಯಲ್ಲ, ನರಳಾಟ. ಸುಮ್ಮನೆ ಕುಳಿತು ಕೇಳುವವನಿದ್ದರೆ ಸ್ವಲ್ಪ ಹೊತ್ತಿನಲ್ಲಿ ನಿಜವಾದ ಮಾತು ಹೊರಡುತ್ತದೆ: ತಮ್ಮನೊಡನೆ ಮಾತು ಬಿಟ್ಟು ಹತ್ತು ವರ್ಷವಾಯಿತು, ಮಗಳಿಗೆ ಇನ್ನೂ ನೆಲೆಯಾಗಿಲ್ಲ, ಯಾರಿಗೋ ಕೊಡಬೇಕಾದ ಸಾಲ ಉಳಿದಿದೆ. ಆಗ ಆ ತಮ್ಮನಿಗೆ ಒಂದು ಕಾಗದ ಬರೆದುಕೊಡುವುದೇ ಪಾರಮಾರ್ಥಿಕ ಸೇವೆ. ದೇವರನಾಮವನ್ನು ಬಯಸುವವನಿಗೆ ದೇವರನಾಮ, ದೇವರೇ ಬೇಡವೆನ್ನುವವನಿಗೆ ವೃತ್ತಪತ್ರಿಕೆ. ಕವಚದ ಅಳತೆಯನ್ನು ತೊಡುವವನ ಮೈಯಿಂದ ತೆಗೆದುಕೊಳ್ಳಬೇಕೇ ಹೊರತು ತೊಡಿಸುವವನ ಮೈಯಿಂದಲ್ಲ.

ಸಾವಿನೊಡನೆ ಈ ಕೆಲಸವು ಮುಗಿಯುವುದಿಲ್ಲ. ಸಾವಿನ ಮನೆಗೆ ನೆಂಟರಿಷ್ಟರು ಬರುವುದೂ, ನೆರೆಯವರು ಅಡಿಗೆ ಮಾಡಿ ಕಳುಹಿಸುವುದೂ ಈ ನಾಡಿನ ಒಳ್ಳೆಯ ವಾಡಿಕೆ. ಆದರೆ ಹದಿಮೂರನೆಯ ದಿನದ ಊಟವಾದೊಡನೆ ಎಲ್ಲರೂ ತಂತಮ್ಮ ಊರಿನ ದಾರಿಯನ್ನು ಹಿಡಿಯುತ್ತಾರೆ. ಮರುದಿನ ಬೆಳಗ್ಗೆ ಆ ಮನೆಯ ಹೆಂಗಸು ರೂಢಿಯಂತೆ ಎರಡು ಲೋಟ ಕಾಫಿ ಬೆರಸಿ, ಒಂದನ್ನು ಕೈಯಲ್ಲಿ ಹಿಡಿದು ನಿಂತುಬಿಡುತ್ತಾಳೆ. ಬಾಗಿಲನ್ನು ತಟ್ಟಬೇಕಾದುದು ಆ ಹದಿನಾಲ್ಕನೆಯ ದಿನ. ತಟ್ಟಿದವರು ಸಮಾಧಾನವನ್ನೇನೂ ಹೇಳಬೇಕಾಗಿಲ್ಲ. ಹೋದವರ ಹೆಸರನ್ನು ಎತ್ತಿ, ಅವರಿಗೆ ಏನು ಇಷ್ಟವಾಗಿತ್ತೆಂದು ಕೇಳಿದರೆ ಸಾಕು. ಹೇಳುವುದು ಆಕೆಯಲ್ಲಿ ಬೇಕಾದಷ್ಟಿರುತ್ತದೆ.