ಮಗ್ಗದ ಗೂಟ

ಫಾಲ್ಗುಣದ ಬಿಸಿಲು ಏರುವ ಹೊತ್ತಿಗೆ ನರಗುಂದದ ಎರೆಹೊಲಗಳಲ್ಲಿ ಹತ್ತಿ ಬಿಡಿಸುವವರ ಉಡಿ ತುಂಬಿರುತ್ತದೆ. ಅಂಥ ಒಂದು ಹೊಲದಿಂದ ಅರಳಿದ ಕಾಯೊಂದನ್ನೂ ಹಸಿಕಾಯೊಂದನ್ನೂ ಕಿತ್ತು ಕರವಸ್ತ್ರದಲ್ಲಿ ಕಟ್ಟಿಕೊಂಡು, ಸೋದರಮಾವನಿಗೆ ನಮಸ್ಕರಿಸಿ ಹೊರಟ ಹುಡುಗಿ, ರೋಣದಲ್ಲಿ ಬಸ್ಸು ಬದಲಿಸಿ ಸಂಜೆಗೆ ಗಜೇಂದ್ರಗಡ ಸೇರಿದಳು. ಧಾರವಾಡದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು; ಸಂಶೋಧನೆಗೆಂದು ತಿಂಗಳೊಪ್ಪತ್ತಿನಲ್ಲಿ ದೂರದ ಊರಿಗೆ ಹೊರಡುವವಳು. ಹೋಗುವ ಮುನ್ನ ಅಜ್ಜನನ್ನು ಕಾಣಬೇಕೆಂಬುದು ಒಂದು ಕಾರಣ. ಮನೆಯಲ್ಲಿ ಎದ್ದಿರುವ ಮಾತೊಂದು ಇತ್ಯರ್ಥವಾಗುವಾಗ ತಾನೂ ಇರಬೇಕೆಂಬುದು ಇನ್ನೊಂದು.

ಮಾತು ಮಗ್ಗದ್ದು. ನಡುಮನೆಯ ಅರ್ಧವನ್ನು ಹಿಡಿದು ಕುಳಿತಿರುವ ಕುಣಿಮಗ್ಗವನ್ನು ಕಿತ್ತು, ಕುಣಿಯನ್ನು ಮುಚ್ಚಿಸಿ, ಅಲ್ಲೊಂದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡಬೇಕೆಂದು ಅವಳ ತಂದೆಯ ಎಣಿಕೆ. ಲೆಕ್ಕ ತಪ್ಪಲ್ಲ. ದಿನಗಟ್ಟಲೆ ಕಾಲು ಇಳಿಬಿಟ್ಟು ಕುಳಿತು ನೇಯ್ದರೆ ಕೈಗೆ ಬರುವ ಕೂಲಿ ಕೋಣೆಯ ಬಾಡಿಗೆಗೆ ಸಾಟಿಯಾಗದು. ಅಜ್ಜ ಹೂಂ ಎಂದಿಲ್ಲ, ಊಹೂಂ ಎಂದೂ ಇಲ್ಲ; ಲಾಳಿಯ ಸದ್ದು ಮಾತ್ರ ನಿಂತಿಲ್ಲ.

ಅವನು ನೇಯುವುದು ಪಟ್ಟೆದಂಚಿನ ಸೀರೆ. ಹತ್ತಿನೂಲಿನ ಚೌಕಳಿ ಮೈ, ಎದ್ದು ಕಾಣುವ ಅಂಚು. ಮದುಮಗಳಿಗೆ ಉಡಿಸುವುದಕ್ಕೂ ಸವದತ್ತಿಯ ಯಲ್ಲಮ್ಮನಿಗೆ ಒಪ್ಪಿಸುವುದಕ್ಕೂ ಈ ಸೀಮೆಯಲ್ಲಿ ನಡೆದುಬಂದ ಸೀರೆಯದು. ನೂಲು ಮಾತ್ರ ಎಲ್ಲಿಯದೋ ಗಿರಣಿಯಿಂದ ಬರುತ್ತದೆ. ಒಂದು ಕಾಲಕ್ಕೆ ಇಲ್ಲಿಯ ಹತ್ತಿ ಘಟ್ಟವಿಳಿದು ಕುಮಟೆಯ ಬಂದರಿನಲ್ಲಿ ಹಡಗೇರುತ್ತಿತ್ತು. ‘ಕುಮಟಾ ಹತ್ತಿ’ ಎಂಬ ಹೆಸರು ಬಂದುದೇ ಹಾಗೆ. ಹೊಲವೂ ಮಗ್ಗವೂ ಇಲ್ಲಿಯೇ ಇದ್ದು ನಡುವಣ ಎಳೆ ಹೊರಗಿನದಾದದ್ದು ಹೊಸ ಸಂಗತಿಯೇನಲ್ಲ.

ರಾತ್ರಿ ಊಟವಾದ ಮೇಲೆ ಅವಳು ಕರವಸ್ತ್ರ ಬಿಚ್ಚಿ, ಅರಳೆಯಿಂದ ಒಂದೇ ಒಂದು ಎಳೆಯನ್ನು ಎಳೆದು ದೀಪಕ್ಕೆ ಹಿಡಿದಳು.

“ಅಜ್ಜಾ, ಇದಿಷ್ಟೂ ಒಂದ ಜೀವಕೋಶ.”

“ಇಷ್ಟ ಉದ್ದನ್ನದ?” ಅಜ್ಜ ಕನ್ನಡಕ ಏರಿಸಿದ.

ಅವಳು ಹೇಳಿದುದು ದಿಟ. ಹೂವು ಅರಳಿದ ದಿನವೇ ಹತ್ತಿಬೀಜದ ಮೇಲ್ಪದರದ ಕೆಲವು ಕೋಶಗಳು ಹೊರಕ್ಕೆ ಉಬ್ಬತೊಡಗುತ್ತವೆ. ಸುಮಾರು ಮೂರು ವಾರ ಉದ್ದಕ್ಕೆ ಬೆಳೆಯುವುದೇ ಅವುಗಳ ಮುಖ್ಯ ಕೆಲಸ. ದಪ್ಪ ಒಂದು ಮಿಲಿಮೀಟರಿನ ಐವತ್ತನೆಯ ಒಂದು ಪಾಲಿನಷ್ಟು. ಉದ್ದವಾದರೋ 25ರಿಂದ 30 ಮಿಲಿಮೀಟರು. ಆಮೇಲೆ ಒಳಗಿನಿಂದ ಗೋಡೆಗೆ ಸೆಲ್ಯುಲೋಸಿನ ಪದರಗಳು ಬೀಳುತ್ತವೆ. ಕಾಯಿ ಒಡೆಯುವ ಹೊತ್ತಿಗೆ ಕೋಶ ಸತ್ತು ಒಣಗಿ, ಚಪ್ಪಟೆಯಾಗಿ ತಿರುಚಿಕೊಳ್ಳುತ್ತದೆ. ಆ ತಿರುಚು ಇರುವುದರಿಂದಲೇ ಎಳೆಗೆ ಎಳೆ ತೊಡರಿ ನೂಲಾಗುತ್ತದೆ. ಮನುಷ್ಯನು ಉಡುವುದು ಸತ್ತ ಕೋಶಗಳ ಗೋಡೆಯನ್ನು.

ಪುಗ್ಗೆಯನ್ನು ಊದಿದರೆ ಗುಂಡಗಾಗುತ್ತದೆ. ಒಳಗೆ ನೀರಿನ ಒತ್ತಡ ತುಂಬಿದ ಈ ಕೋಶ ಗುಂಡಗಾಗದೆ ನೀಳವಾಗುವುದೇಕೆ? ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದಂತೆ ಸೆಲ್ಯುಲೋಸಿನ ನವುರು ಎಳೆಗಳು ಕೋಶವನ್ನು ಅಡ್ಡಲಾಗಿ ಸುತ್ತಿರುವುದರಿಂದ ಅದು ಅಗಲಕ್ಕೆ ಹಿಗ್ಗಲಾರದು. ಉಳಿದಿರುವ ದಾರಿ ಉದ್ದದ್ದೊಂದೇ. ಆ ಎಳೆಗಳಿಗೆ ದಿಕ್ಕು ತೋರಿಸುವವರು ಯಾರು? 1962ರಲ್ಲಿ ಪಾಲ್ ಗ್ರೀನ್ ಎಂಬ ವಿಜ್ಞಾನಿ ನೀರುಪಾಚಿಯಂಥ ನೈಟೆಲ್ಲಾ ಸಸ್ಯದ ಕೋಶಗಳಿಗೆ ಕಾಲ್ಚಿಸಿನ್ ಉಣಿಸಿ ನೋಡಿದ. ನಮ್ಮ ಬೇಲಿಗಳಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲಿಯೂ ಇರುವ ವಿಷವದು. ನೀಳವಾಗಬೇಕಿದ್ದ ಕೋಶಗಳು ದಿಕ್ಕು ತಪ್ಪಿ ಗುಂಡಗೆ ಉಬ್ಬಿದವು. ಹಾಗಾದರೆ ಕಾಲ್ಚಿಸಿನ್ ಕೆಡಿಸುವಂಥ ಯಾವುದೋ ನಾರು ಒಳಗೆ ದಿಕ್ಕು ತೋರುತ್ತಿರಬೇಕೆಂದು ಅವನು ಊಹಿಸಿದ. ಮರುವರ್ಷವೇ, 1963ರಲ್ಲಿ, ಲೆಡ್‌ಬೆಟರ್ ಮತ್ತು ಪೋರ್ಟರ್ ಎಂಬಿಬ್ಬರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದನ್ನು ಕಂಡರು: ಕೋಶದ ಪೊರೆಗೆ ತಾಗಿದ ಅಂಚಿನ ಪದರದಲ್ಲಿ ಸಾಲಾಗಿ ಹಾಸಿದ ಸೂಕ್ಷ್ಮನಳಿಕೆಗಳು. ಒಂದೊಂದರ ಅಡ್ಡಗಲ 25 ನ್ಯಾನೋಮೀಟರು. ಟ್ಯೂಬುಲಿನ್ ಎಂಬ ಪ್ರೋಟೀನಿನ ಸರಗಳು, ಸಾಮಾನ್ಯವಾಗಿ ಹದಿಮೂರು, ಒತ್ತೊತ್ತಾಗಿ ನಿಂತು ಆದ ಕೊಳವೆಗಳು ಅವು.

“ನಳಿಕಿ ಹಳಿ ಇದ್ದಂಗ. ಪೊರೀಯೊಳಗ ಸೆಲ್ಯುಲೋಸ್ ನೂಲೂ ಯಂತ್ರ ಐತಿ. ಅದು ಆ ಹಳಿ ಹಿಡದು ನೂಲು ಬಿಟಗೋತ ಹೋಗತೈತಿ, ನಿನ್ನ ಲಾಳಿ ಹೋದಂಗ.”

ಆ ಯಂತ್ರ ನಡೆಯುವುದನ್ನು ಮನುಷ್ಯನ ಕಣ್ಣು ನೋಡಿದ್ದು 2006ರಲ್ಲಿ, ಸಾಸಿವೆಯ ಬಳಗದ ಒಂದು ಪುಟ್ಟ ಕಳೆಗಿಡದಲ್ಲಿ. ಅದನ್ನು ನಳಿಕೆಗೆ ತಗುಲಿಸುವ ಕೊಂಡಿಯ ಪ್ರೋಟೀನು, ಸಿಎಸ್ಐ-1 ಎಂಬುದು, 2010ರಲ್ಲಿ ಗೊತ್ತಾಯಿತು. ಅದಿಲ್ಲದ ಗಿಡದಲ್ಲಿಯೂ ಸೆಲ್ಯುಲೋಸ್ ನೂಲುವುದು ನಿಲ್ಲುವುದಿಲ್ಲ. ಯಂತ್ರ ಹಳಿ ಬಿಟ್ಟು ನಡೆಯುತ್ತದೆ, ಕೋಶಗಳು ಊದಿಕೊಳ್ಳುತ್ತವೆ. ಹತ್ತಿಯದೇ ಆದ ಒಂದು ಯಂತ್ರಭಾಗದ ರಚನೆ 2021ರಲ್ಲಿ ಪ್ರಕಟವಾಯಿತು: ಒಂದೇ ಬಗೆಯ ಮೂರು ಪ್ರೋಟೀನುಗಳು ಒಂದಕ್ಕೊಂದು ಆತುಕೊಂಡು ನಿಂತಿವೆ. ಅಂಥ ಆರು ಗುಂಪುಗಳು ಸೇರಿ ಹೂವಿನಾಕಾರದ ಇಡೀ ಯಂತ್ರವಾಗುತ್ತದೆಂದು ತಿಳಿಯಲಾಗಿದೆ.

ಅಜ್ಜ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ಲಾಳಿ ಓಡತೈತಿ, ಖರೆ. ಆ ಹಳಿ ಹಿಡದು ನಿಂತಾವರು ಯಾರು?”

ಹುಡುಗಿಯ ಕೈಯಲ್ಲಿದ್ದ ಎಳೆ ಕೆಳಕ್ಕೆ ಬಿತ್ತು. ತರಗತಿಯಲ್ಲಿ ಯಾರೂ ಕೇಳಿರದ ಪ್ರಶ್ನೆ. ಅವಳು ಊರು ಬಿಟ್ಟು ಹೊರಟಿರುವುದೇ ಅದರ ಬೆನ್ನು ಹತ್ತಿ.

ನೂಲುವ ಯಂತ್ರ ತಾನು ನೂತ ಎಳೆಯ ತಳ್ಳಿಕೆಯಿಂದಲೇ ಮುಂದೆ ಸಾಗುತ್ತದೆ. ಆ ನೂಕಿಗೆ ಹಗುರಾದ ನಳಿಕೆ ಜರುಗಬೇಕು. ಜರುಗದಂತೆ ಅದನ್ನು ಅಂಚಿಗೆ ಹಿಡಿದಿಡುವ ಪ್ರೋಟೀನುಗಳನ್ನು 2016ರಲ್ಲಿ ಅದೇ ಕಳೆಗಿಡದಲ್ಲಿ ಗುರುತಿಸಿ ಸಿಎಂಯು ಎಂದು ಹೆಸರಿಟ್ಟರು. ಅವನ್ನು ತೆಗೆದುಬಿಟ್ಟಾಗ, ಯಂತ್ರ ತಳ್ಳಿದತ್ತ ನಳಿಕೆಗಳೇ ಸರಿದುಹೋದವು, ಬೆಳವಣಿಗೆ ಹದಗೆಟ್ಟಿತು. ಮನುಷ್ಯನ ಕೋಶದಲ್ಲಿ ಈ ಕೆಲಸಕ್ಕೆ ಬೇರೆಯೇ ಬಳಗವಿದೆ. ಕೋಶ ನೆಲವನ್ನು ಕಚ್ಚುವ ಕಡೆ ಟಾಲಿನ್, ಅದನ್ನು ಹಿಡಿದ ಕ್ಯಾಂಕ್, ಕ್ಯಾಂಕನ್ನು ಹಿಡಿದ ಕಿಫ್-21ಎ. ಕ್ಯಾಂಕಿನ ಮಡಿಕೆಯಲ್ಲಿ ಕಿಫ್-21ಎಯ ಒಂದು ತುಣುಕು ಹೇಗೆ ಹೊಂದಿ ಕೂರುತ್ತದೆಂಬುದನ್ನು 2018ರಲ್ಲಿ ಹರಳುಗಳ ಮೂಲಕ ಕಂಡುಕೊಂಡರು. ಕಿಫ್-21ಎಯಲ್ಲಿ ದೋಷವಿದ್ದರೆ ಹುಟ್ಟಿನಿಂದಲೇ ಕಣ್ಣುಗುಡ್ಡೆಯನ್ನು ಮೇಲೆತ್ತಲಾಗದಂಥ ರೋಗ ಬರುವುದುಂಟು. ಕಣ್ಣಿಗೆ ಕಾಣದ ಹಿಡಿತ. ಅದು ತಪ್ಪಿದಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ.

“ಗೂಟ ಅನ್ನು ಮತ್ತ,” ಎಂದ ಅಜ್ಜ. “ಗೂಟ ಸಡಲಾದ್ರ ನೂಲೇನೂ ಹರಿಯಂಗಿಲ್ಲ, ಯವ್ವಾ. ಸೀರಿನೂ ಆಗತೈತಿ. ಅಂಚು ಮಾತ್ರ ಸೊಟ್ಟ ಬರತೈತಿ. ಕೊಂಡಾವರಿಗೆ ತಡಾ ಮಾಡಿ ಗೊತ್ತಾಗತೈತಿ. ನೇದಾವಗ ಅವತ್ತ ಗೊತ್ತಾಗಿರತೈತಿ.”

ಅವಳು ಹಸಿಕಾಯನ್ನು ಸೀಳಿ ಅವನ ಅಂಗೈಗಿಟ್ಟಳು. ತೊಳೆಗಳು ಒದ್ದೆಯಾಗಿ, ಎಳೆ ತೆಂಗಿನ ತಿರುಳಿನಂತೆ ಬೆಳ್ಳಗಿದ್ದವು. “ಇವಿನ್ನೂ ಜೀವಂತ ಅದಾವ, ಅಜ್ಜಾ. ಹತ್ತ್ಯಾಗ ಆ ಗೂಟ ಹ್ಯಾಂಗ ನಿಂತಾವು, ಅದನ್ನ ನೋಡಾಕ ನಾ ಹೊಂಟೀನಿ.”

ಅರವತ್ತು ವರ್ಷ ನೂಲು ಹಿಡಿದ ಬೆರಳುಗಳು ಆ ಒದ್ದೆ ಎಳೆಗಳನ್ನು ಮುಟ್ಟಿ ನೋಡಿದವು. “ಹಂಗಾರ ನೀ ಮಗ್ಗ ಬಿಟ್ಟ ಹೊಂಟಿಲ್ಲ,” ಎಂದ ಅಜ್ಜ. ಅಷ್ಟು ದಿನ ಅವನ ಮನಸ್ಸಿನಲ್ಲಿ ಏನಿತ್ತೆಂಬುದು ಮನೆಯವರಿಗೆ ಆಗ ತಿಳಿಯಿತು.

ಬಾಗಿಲಲ್ಲಿ ನಿಂತಿದ್ದ ತಂದೆ ಗಂಟಲು ಸರಿಮಾಡಿಕೊಂಡ. “ಈ ಹಾಸು ಮುಗೀಲಿ. ಆಮ್ಯಾಲ ನೋಡೂಣು,” ಎಂದಷ್ಟೇ ಹೇಳಿ ಒಳಗೆ ಹೋದ. ಬಾಡಿಗೆಯ ಲೆಕ್ಕ ಬದಲಾಗಿರಲಿಲ್ಲ. ಅವಸರ ಮಾತ್ರ ಕಡಿಮೆಯಾಗಿತ್ತು.

ಮರುದಿನ ನಸುಕಿನಲ್ಲಿ ಅವಳು ರೋಣದ ಬಸ್ಸಿಗೆಂದು ಹೊರಟಾಗ ಅಜ್ಜ ಇನ್ನೂ ಕುಣಿಗೆ ಇಳಿದಿರಲಿಲ್ಲ. ಬಗ್ಗಿ ಕುಳಿತು, ಮಗ್ಗದ ಬಲಗಡೆಯ ಗೂಟವನ್ನು ಅಲುಗಾಡಿಸಿ ನೋಡಿ, ಕಲ್ಲಿನಿಂದ ಬೆಣೆ ಬಡಿಯುತ್ತಿದ್ದ. ಆ ಪೆಟ್ಟು ಓಣಿಯ ತಿರುವಿನವರೆಗೂ ಕೇಳುತ್ತಿತ್ತು.