ಪುದುಪೇಟೆಯಲ್ಲಿ ಮೂರು ದಿನ

ಚೆನ್ನೈಗೆ ಬಂದ ನೆಂಟರೆಲ್ಲ ಕಡಲನ್ನು ನೋಡಿ ಹೋಗುತ್ತಾರೆ. ಕಡಲ ಉಪ್ಪುಗಾಳಿ ಕಬ್ಬಿಣಕ್ಕೆ ಮಾಡುವ ಉಪಚಾರವನ್ನು ನೋಡಬೇಕಾದರೆ ಎಗ್ಮೋರಿನ ಬಳಿ, ಕೂವಂ ನದಿಯ ಮಗ್ಗುಲಿನ ಪುದುಪೇಟೆಗೇ ಹೋಗಬೇಕು. ಬಿಚ್ಚಿದ ವಾಹನಗಳ ಬಾಗಿಲು, ಬಂಪರುಗಳು ಅಲ್ಲಿ ಬಾಳೆಗೊನೆಗಳಂತೆ ತೂಗುತ್ತವೆ.

ನಮ್ಮ ಭಾವನವರ ತರಕಾರಿಯ ಹಳೆಯ ಪೆಟ್ರೋಲ್ ಪಿಕಪ್ಪನ್ನು ಅಲ್ಲಿಗೆ ಒಯ್ದೆವು. ಅದು ಗುಜರಿಗೆ ಹೋದರೆ ಅವರ ವ್ಯಾಪಾರವೂ ಹೋದಂತೆಯೇ. ಮುದುಕ ಮೇಸ್ತ್ರಿ ಚಿಕ್ಕ ಸುತ್ತಿಗೆಯಿಂದ ತಳವನ್ನು ತಟ್ಟುತ್ತ ಬಂದರು. ಗಟ್ಟಿ ತಗಡು ‘ಟಣ್’ ಎಂದಿತು, ತುಕ್ಕು ತಿಂದದ್ದು ‘ಡೊಬ್’ ಎಂದಿತು. ‘ಡೊಬ್’ ಎಂದ ಕಡೆಯೆಲ್ಲ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಹೊಸ ತುಂಡು ಬೆಸೆದು, ರೆಡ್ ಆಕ್ಸೈಡ್ ಬಳಿದರು. ತುಕ್ಕಿನ ಮೇಲೆಯೇ ಬಣ್ಣ ಬಳಿಯುವುದು ಹುಣ್ಣಿಗೆ ಪೌಡರು ಹಚ್ಚಿದಂತೆ ಎಂಬುದು ಅವರ ಮತ.

ಟ್ಯಾಂಕು ಇಳಿಸಿದರೆ ಒಳಗೆ ಕಾಫಿಪುಡಿಯಂಥ ತುಕ್ಕು! ಅದೇ ಕಾರ್ಬುರೇಟರಿನ ಜೆಟ್ಟಿಗೆ ಅಡ್ಡ ಸೇರಿ ಗಾಡಿಯನ್ನು ನಡುದಾರಿಯಲ್ಲಿ ನಿಲ್ಲಿಸುತ್ತಿದ್ದುದು. ಟ್ಯಾಂಕಿನೊಳಗೆ ಸರಪಳಿ ಹಾಕಿ ಕುಲುಕಿ, ತೊಳೆದು ಒಣಗಿಸಿದರು. ಬೆಸುಗೆಯ ಬೆಂಕಿಯನ್ನು ಮಾತ್ರ ಅದರ ಹತ್ತಿರ ಸುಳಿಯಗೊಡಲಿಲ್ಲ. ಬರಿದಾದ ಟ್ಯಾಂಕಿನ ಆವಿಯೇ ಸಿಡಿಯುವುದಷ್ಟೆ. ಪಂಪಿನ ಡಯಾಫ್ರಮ್ಮು, ರಬ್ಬರು ಕೊಳವೆಗಳು ಹೊಸವಾದವು. ಈಗಿನ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲು ಬೆರೆಸುತ್ತಾರೆ. ಹಳೆಯ ರಬ್ಬರು ಅದನ್ನು ತಾಳದು.

ಮೂರನೆಯ ದಿನ ಸಂಜೆ ಎಂಜಿನ್ನು ಎರಡನೆಯ ಸಲಕ್ಕೇ ಹೊತ್ತಿಕೊಂಡಿತು. ಭಾವನವರು ಕೂಲಿಯ ಚೌಕಾಸಿಗೆ ನಿಂತರು; ನಾವು ಎಲ್ಲರಿಗೂ ಕಾಫಿ ಹೇಳಿದೆವು.